ಮೊದಲು ಕೂರುವ ಜಾಗ

"ಅವರು ಬಹಳ ಮೃದು ಸ್ವಭಾವದವರು" ಎಂದು ಮೊದಲ ಭಾಷಣಕಾರರು ಹೇಳಿದ ಕೂಡಲೇ, ತಪ್ಪು ಸಭೆಗೆ ಬಂದು ಕೂತೆನೇ ಎಂದು ನಾನು ಫೋಟೋ ಕಡೆ ನೋಡಿದೆ. ಫೋಟೋ ಅವರದೇ. ಅದೇ ದಪ್ಪ ಚೌಕಟ್ಟಿನ ಕನ್ನಡಕ, ಎದುರಿಗಿರುವವನು ಇನ್ನೇನು ಒಂದು ದಡ್ಡ ಮಾತು ಆಡಲಿದ್ದಾನೆ ಎಂದು ಕಾದಿರುವ ಅದೇ ತುಟಿ. ವಿಜಯನಗರದ ಮಾರ್ಕೆಟ್ ರಸ್ತೆಯಲ್ಲಿ, ಸ್ವೀಟ್ ಅಂಗಡಿಯೊಂದರ ಮೇಲಿನ ಹಾಲ್‌ನಲ್ಲಿ ನಡೆದ ಶ್ರದ್ಧಾಂಜಲಿ ಅದು. ಕೆಳಗಿನಿಂದ ತುಪ್ಪದ ವಾಸನೆ ಏರಿ ಬರುತ್ತಿತ್ತು. ಅಂಥ ವಾಸನೆಯಲ್ಲಿ ದುಃಖಪಡುವುದು ಸುಲಭವಲ್ಲ. ಎರಡನೆಯವರು ಅವರನ್ನು ಸಂತ ಎಂದರು. ಮೂರನೆಯವರು, ಅಂದರೆ ತೀರಿಕೊಂಡವರೂ ನಾನೂ ಕಲಿಸುತ್ತಿದ್ದ ತರಬೇತಿ ಕೇಂದ್ರದ ಮಾಲೀಕರು, ಆಯುಧಪೂಜೆ ಮುಗಿದ ಮೇಲೆ ನಡೆದ ಒಂದು ಪರೀಕ್ಷೆಯ ಕಥೆ ಹೇಳಿ, ತಮ್ಮ ತಪ್ಪನ್ನು ತಾವಾಗಿಯೇ ಮುಂದೆ ಬಂದು ಒಪ್ಪಿಕೊಂಡ ಮಹಾನುಭಾವ ಎಂದು ಕಣ್ಣೊರೆಸಿಕೊಂಡರು.

ಆ ದಿನ ನಾನೂ ಅಲ್ಲಿದ್ದೆ. ಮಹಾನುಭಾವರು ತಾವಾಗಿ ಮುಂದೆ ಬರಲಿಲ್ಲ. ಕಿಟಕಿಯ ಆಚೆ ನೋಡುತ್ತ ನಿಂತಿದ್ದರು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನ್ನ ನೆನಪು ಉಳಿದವರ ನೆನಪಿಗಿಂತ ಪ್ರಾಮಾಣಿಕ ಎಂದಲ್ಲ. ಸತ್ತವರ ವಿಷಯದಲ್ಲಿ ಎಲ್ಲರ ನೆನಪೂ ಇಸ್ತ್ರಿ ಮಾಡಿದ ಬಟ್ಟೆಯೇ. ನನ್ನದರಲ್ಲಿ ಒಂದೆರಡು ಮುದುರು ಉಳಿದುಕೊಂಡಿದ್ದರೆ ಅಷ್ಟೇ ಲಾಭ.

ನಮ್ಮ ಕೇಂದ್ರ ಇದ್ದದ್ದು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಹಳೆಯ ಕಟ್ಟಡದಲ್ಲಿ. ಮೇಲೆ ತರಗತಿ, ಕೆಳಗೆ ಯಂತ್ರ. ಹೊರಗೆ 'ಸಿಎನ್‌ಸಿ ಕಲಿಯಿರಿ, ಉದ್ಯೋಗ ಖಚಿತ' ಎಂಬ ಬೋರ್ಡು. ಯಾರಿಗೆ ಖಚಿತ ಎಂದು ಬೋರ್ಡು ಹೇಳುತ್ತಿರಲಿಲ್ಲ, ನಮ್ಮಿಬ್ಬರಿಗಂತೂ ಖಚಿತವಾಗಿತ್ತು. ಇಡೀ ಕೇಂದ್ರಕ್ಕೆ ಇದ್ದದ್ದು ಒಂದೇ ಯಂತ್ರ, ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಮಿಲ್ಲಿಂಗ್ ಯಂತ್ರ. ಹಾಳಾದೀತು ಎಂಬ ಭಯದಿಂದ ಮಾಲೀಕರು ಅದನ್ನು ಹೊಸ ಫ್ರಿಜ್ಜಿನ ಹಾಗೆ ಪ್ಲಾಸ್ಟಿಕ್ ಹೊದಿಸಿ ಇಟ್ಟಿದ್ದರು. ಹುಡುಗರು ಸುತ್ತ ನಿಂತು ಫೋಟೋ ತೆಗೆಸಿಕೊಂಡು ಊರಿಗೆ ಕಳಿಸುತ್ತಿದ್ದರು.

ನಾನು ಕಲಿಸುತ್ತಿದ್ದದ್ದು ಕೋಡು. ಯಂತ್ರಕ್ಕೆ ಎಲ್ಲಿ ಹೋಗು, ಎಷ್ಟು ವೇಗದಲ್ಲಿ ಹೋಗು ಎಂದು ಹೇಳುವ ಅಕ್ಷರ, ಅಂಕಿಗಳ ಭಾಷೆ. ಅವರು ಕಲಿಸುತ್ತಿದ್ದದ್ದು ಅದಕ್ಕೂ ಮೊದಲು ಬರುವುದನ್ನು. ನಕ್ಷೆ ಕೈಗೆ ಬಂತು, ಲೋಹದ ತುಂಡು ಮೇಜಿನ ಮೇಲಿದೆ. ಮೊದಲು ಯಾವ ಮುಖ ಕೊರೆಯಬೇಕು, ಆಮೇಲೆ ಯಾವುದು, ಯಾವ ಟೂಲ್, ಕೊರೆಯುವಾಗ ತುಂಡನ್ನು ಎಲ್ಲಿ ಹಿಡಿಯಬೇಕು. ಇದಕ್ಕೆ ಪ್ರಾಸೆಸ್ ಪ್ಲಾನಿಂಗ್ ಎಂದು ಹೆಸರು. ನನ್ನ ವಿಷಯದ ಬಗ್ಗೆ ಅವರ ಅಭಿಪ್ರಾಯ ಚಹಾದ ಜೊತೆ ದಿನವೂ ಸಿಗುತ್ತಿತ್ತು. "ನಿಮ್ದು ಟೈಪಿಂಗ್ ಕ್ಲಾಸು ಬಿಡಿ ಸಾರ್. ಏನೂ ರಿಸ್ಕಿಲ್ಲ."

ಹೊಸಬರು ಮಾಡುವ ತಪ್ಪು ಯಾವಾಗಲೂ ಒಂದೇ. ನಕ್ಷೆಯಲ್ಲಿ ಕಣ್ಣಿಗೆ ಚೆಂದ ಕಂಡದ್ದನ್ನು ಮೊದಲು ಕೊರೆದುಬಿಡುತ್ತಾರೆ. ಆಮೇಲೆ ತುಂಡನ್ನು ಮಗುಚಿ ಹಿಡಿಯಲು ಹೋದರೆ ಹಿಡಿಯುವುದಕ್ಕೆ ಜಾಗವೇ ಉಳಿದಿರುವುದಿಲ್ಲ. ಅಂಥ ಪ್ಲಾನ್ ಬಂದರೆ ಅವರು ಬೈಯುತ್ತಿರಲಿಲ್ಲ. ಬೈದಿದ್ದರೆ ಹುಡುಗರು ಬದುಕಿಕೊಳ್ಳುತ್ತಿದ್ದರು. ಹಾಳೆಯನ್ನು ಎತ್ತಿ ಎಲ್ಲರಿಗೂ ತೋರಿಸಿ, ಬಹಳ ಪ್ರೀತಿಯಿಂದ ಕೇಳುತ್ತಿದ್ದರು, "ಕಿವಿ ಕುಯ್ದಾದ ಮೇಲೆ ಕನ್ನಡಕ ಎಲ್ಲಿ ಕೂರಿಸ್ತೀಯಪ್ಪ?" ಹುಡುಗ ತಲೆ ತಗ್ಗಿಸುತ್ತಿದ್ದ. ಪಕ್ಕದವನು ನಗುತ್ತಿದ್ದ. ಪಕ್ಕದವನ ಹಾಳೆ ಮುಂದಿನದು. ಕೊರೆಯುವ ಕ್ರಮ ತಲೆಕೆಳಗಾಗಿದ್ದರೆ ಮದುವೆಯ ಲೆಕ್ಕಕ್ಕೆ ಹೋಗುತ್ತಿದ್ದರು. "ತಾಳಿ ಕಟ್ಟಿ ಆಯ್ತು. ಈಗ ಹುಡುಗಿ ನೋಡೋಕೆ ಹೊರಟಿದಾನೆ ನಮ್ಮ ಗುರು."

ಕೈಗೆ ಸಿಕ್ಕಿದ್ದನ್ನೆಲ್ಲ ಎಲ್ಲಾ ಕಡೆಗೂ ತಿರುಗಿಸಿ ನೋಡುವ ಚಟ ಅವರಿಗೆ. ಬಸವೇಶ್ವರನಗರದ ಹೋಟೆಲೊಂದರಲ್ಲಿ ಉದ್ದಿನ ವಡೆಯನ್ನು ಹಾಗೆ ತಿರುಗಿಸುತ್ತಿದ್ದರೆ, ಕೂದಲು ಸಿಕ್ಕಿತೇನೋ ಎಂದು ಸಪ್ಲೈಯರ್ ಓಡಿ ಬಂದ. ಏನಿಲ್ಲ, ಇದನ್ನು ಹಿಡಿಯುವುದು ಎಲ್ಲಿ ಎಂದು ನೋಡುತ್ತಿದ್ದೆ ಎಂದು ಇವರು ಗಂಭೀರವಾಗಿ ಹೇಳಿದರು. ಸಪ್ಲೈಯರ್ ನನ್ನ ಮುಖ ನೋಡಿದ. ಮದುವೆಮನೆಯಲ್ಲಿ ಕೊಟ್ಟ ತೆಂಗಿನಕಾಯಿಯನ್ನು ತಿರುಗಿಸುತ್ತ, ದೇವರು ಪ್ಲಾನಿಂಗ್ ಓದಿಲ್ಲ, ಇದರಲ್ಲಿ ಒಂದು ಚಪ್ಪಟೆ ಮುಖವೂ ಇಲ್ಲ ಎಂದಿದ್ದರು. ಈಚೆಗೆ ಪ್ಲಾನನ್ನು ತಾನೇ ಮಾಡಿಕೊಡುವ ಸಾಫ್ಟ್‌ವೇರ್ ಬಂದು, ಮಾಲೀಕರು ಅದರ ಗುಣಗಾನ ಮಾಡತೊಡಗಿದಾಗ ಇವರು ಸಿಟ್ಟಾಗುತ್ತಾರೆಂದು ನಾನು ಆಸೆಯಿಂದ ಕಾದೆ. ಆಗಲಿಲ್ಲ. ಪರವಾಗಿಲ್ಲ, ಇದು ಏನು ಅಂದರೂ ಅಳುವುದಿಲ್ಲ ಎಂದರು.

ಅವರ ಪೂರ್ವಚರಿತ್ರೆಯ ಬಗ್ಗೆ ಹುಡುಗರಲ್ಲಿ ಹಲವು ಪುರಾಣಗಳಿದ್ದವು. ಜರ್ಮನಿಯಲ್ಲಿದ್ದರಂತೆ, ಅಲ್ಲಿಯವರೇ ಕಾಲಿಗೆ ಬಿದ್ದು ಉಳಿಸಿಕೊಳ್ಳಲು ನೋಡಿದರಂತೆ. ನಾನು ನೇರವಾಗಿ ಕೇಳಿದೆ. "ಜರ್ಮನಿ ಎಲ್ಲಿಂದ ಬಂತು ಸಾರ್, ಯಶವಂತಪುರದಲ್ಲಿ ಕೆಲಸ ಮಾಡ್ತಿದ್ದೆ" ಎಂದರು. ಆದರೆ ಆ ಪುರಾಣವನ್ನು ಹುಡುಗರ ಮುಂದೆ ಅಲ್ಲಗಳೆದದ್ದನ್ನು ನಾನು ನೋಡಲಿಲ್ಲ. ಪುರಾಣ ಅವರಿಗೆ ಒಗ್ಗಿತ್ತು. ಮೆಟ್ಟಿಲ ಮೇಲೆ ಅವರ ಚಪ್ಪಲಿಯ ಸದ್ದು ಕೇಳಿದರೆ ತರಗತಿ ಗಪ್‌ಚುಪ್ಪಾಗುತ್ತಿತ್ತು. ಅದೂ ಒಗ್ಗಿತ್ತು. ಪಾಠ ಮುಗಿದ ಮೇಲೆ ಯಾರೂ ಏನೂ ಕೇಳುತ್ತಿರಲಿಲ್ಲ. ಎಲ್ಲರಿಗೂ ಅರ್ಥವಾಗಿದೆ ಎಂದು ಅವರು ನನ್ನೆದುರು ಹೆಮ್ಮೆಪಡುತ್ತಿದ್ದರು. ಕೇಳಿದವನಿಗೆ ಕಿವಿ, ಕನ್ನಡಕ, ತಾಳಿ ಎಲ್ಲವೂ ಕಾದಿದೆ ಎಂದು ಗೊತ್ತಿದ್ದ ಮೇಲೆ ಯಾರು ಕೇಳುತ್ತಾರೆ?

ನೋಡಿ, ಸಂತರಲ್ಲ ಎಂದು ಹೇಳಲು ಹೊರಟವನು ಈಗ ಅವರನ್ನು ರಾಕ್ಷಸ ಮಾಡುತ್ತಿದ್ದೇನೆ. ಅದೂ ಇಸ್ತ್ರಿಯೇ. ಮಡಿಕೆ ಇನ್ನೊಂದು ಕಡೆಗೆ, ಅಷ್ಟೆ.

ಅವರ ಇಡೀ ವಿದ್ಯೆಯನ್ನು ಒಂದು ಮಾತಿಗೆ ಇಳಿಸಬಹುದು, ಅವರೇ ಇಳಿಸಿದ್ದರು. "ಮೊದಲು ಕೂರೋ ಜಾಗ." ಒರಟು ತುಂಡಿನಲ್ಲಿ ಯಾವ ಮುಖವೂ ಸಪಾಟಾಗಿರುವುದಿಲ್ಲ. ಮೊದಲು ಒಂದು ಮುಖವನ್ನು ಸಪಾಟು ಮಾಡಿ, ಅದರ ಮೇಲೆ ತುಂಡನ್ನು ಕೂರಿಸಬೇಕು. ಆಮೇಲಿನ ಅಳತೆಯೆಲ್ಲ ಅಲ್ಲಿಂದ. ತುಂಡನ್ನು ಕಚ್ಚಿ ಹಿಡಿಯುವ ಕಬ್ಬಿಣದ ದವಡೆಗೆ ವೈಸ್ ಎನ್ನುತ್ತಾರೆ. ಆ ವೈಸಿನ ತಳದಲ್ಲಿ, ತುಂಡು ಕೂರುವ ಕಡೆ, ಕೂದಲಿನಷ್ಟು ಕಸ ಇದ್ದರೂ ಮುಗಿಯಿತು. ಆಮೇಲೆ ಕೊರೆದದ್ದೆಲ್ಲ ಬಹಳ ನಿಖರವಾಗಿ ತಪ್ಪಾಗುತ್ತದೆ. ಇದನ್ನು ಅವರು ಹೇಳುವಾಗ ಮಾತ್ರ ದನಿಯಲ್ಲಿ ವ್ಯಂಗ್ಯ ಇರುತ್ತಿರಲಿಲ್ಲ.

ಈಗ ಶಿವಲೀಲಾ. ಗದಗದ ಕಡೆಯ ಹುಡುಗಿ. ಹೆಗ್ಗನಹಳ್ಳಿಯಲ್ಲಿ ಅಕ್ಕ ಭಾವನ ಮನೆಯಲ್ಲಿದ್ದಳು. ಅವರ ತರಗತಿಯಲ್ಲಿ ಎಲ್ಲರಿಗಿಂತ ಮುಂದೆ ಕೂತು ಎಲ್ಲರಿಗಿಂತ ಕಡಿಮೆ ಮಾತಾಡುತ್ತಿದ್ದಳು. ಅವಳ ಪ್ಲಾನ್‌ಗಳನ್ನು ಅವರು ಎತ್ತಿ ತೋರಿಸುತ್ತಿರಲಿಲ್ಲ, ಸುಮ್ಮನೆ ವಾಪಸು ಕೊಡುತ್ತಿದ್ದರು. ಅವರ ಲೆಕ್ಕದಲ್ಲಿ ಅದು ಚಿನ್ನದ ಪದಕ. ಕೆಂಗೇರಿ ಕಡೆಯ ಒಂದು ಕಾರ್ಖಾನೆಯವರು ಪ್ಲಾನಿಂಗ್ ವಿಭಾಗಕ್ಕೆ ಒಬ್ಬರು ಬೇಕು ಎಂದಾಗ, ಪರೀಕ್ಷೆಗೆ ಅವಳನ್ನೇ ನಿಲ್ಲಿಸುವುದೆಂದು ತೀರ್ಮಾನವಾಯಿತು. ಇರುವುದು ಒಂದೇ ಕೆಲಸ. ಸಿಗದಿದ್ದರೆ ಏನು ಮಾಡುತ್ತೀಯ ಎಂದು ನಾನು ಚಹಾ ಅಂಗಡಿಯಲ್ಲಿ ಕೇಳಿದೆ. ಭಾವ ವಿಜಯನಗರದ ಸೀರೆ ಅಂಗಡಿಯೊಂದರಲ್ಲಿ ಮಾತಾಡಿ ಇಟ್ಟಿದ್ದಾರೆ, ಮುಂದಿನ ಸೋಮವಾರದಿಂದ ಅಲ್ಲಿ ಸೀರೆ ಬಿಚ್ಚಿ ತೋರಿಸುವ ಕೆಲಸ ಎಂದಳು. ತಿರುಗಿ ಮಡಿಸುವುದೂ ತಾನೇ ಎಂದು ಸೇರಿಸಿದಳು. ಅವಳು ಮಾಡಿದ ಜೋಕು ನಾನು ಕೇಳಿದ್ದು ಅದೊಂದೇ. ಅದು ಜೋಕೋ ಅಲ್ಲವೋ ಈಗಲೂ ಗೊತ್ತಿಲ್ಲ.

ಪರೀಕ್ಷೆಯ ಮೊದಲು ಆಯುಧಪೂಜೆ ಬಂತು. ವರ್ಷವೆಲ್ಲ ದೇವರ ಪ್ಲಾನಿಂಗ್‌ನಲ್ಲಿ ತಪ್ಪು ಹುಡುಕುತ್ತಿದ್ದ ಮನುಷ್ಯ ಆ ಒಂದು ದಿನ ಪಂಚೆ ಉಟ್ಟು ಬಂದುಬಿಡುತ್ತಿದ್ದರು. ಪ್ಲಾಸ್ಟಿಕ್ ತೆಗೆದು, ಯಂತ್ರವನ್ನು ಮಗುವಿಗೆ ಎಣ್ಣೆಸ್ನಾನ ಮಾಡಿಸಿದ ಹಾಗೆ ಒರೆಸಿ, ಬಾಳೆಕಂದು ಕಟ್ಟಿ, ಗಂಧ ಕಲಸಿ, ಕುಂಕುಮ ಇಟ್ಟರು. ಗಾಜಿನ ಬಾಗಿಲಿಗೆ, ಬಟನ್ನುಗಳ ಫಲಕಕ್ಕೆ, ಟೂಲುಗಳಿಗೆ, ಅಳತೆಯ ಸಾಮಾನಿನ ಡಬ್ಬಿಗೆ. ಕೊನೆಗೆ ಯಂತ್ರದೊಳಕ್ಕೆ ಅರ್ಧ ಮೈ ತೂರಿಸಿ, ವೈಸಿನ ತಳಕ್ಕೂ ಒಂದು ಬೊಟ್ಟು ಇಟ್ಟರು. ಯಾಕೆ ಅಲ್ಲಿ? ಇಡೀ ಯಂತ್ರದಲ್ಲಿ ಅವರಿಗೆ ಅತ್ಯಂತ ಪವಿತ್ರವಾದ ಜಾಗ ಅದೇ. ವರ್ಷಗಟ್ಟಲೆ ಹೇಳಿಕೊಟ್ಟದ್ದೇ ಅದು. ಎಲ್ಲಿ ಒಂದು ಕಣವೂ ಇರಬಾರದೋ ಅಲ್ಲಿಯೇ, ಅಷ್ಟೊಂದು ಭಕ್ತಿ ಇದ್ದದ್ದರಿಂದಲೇ, ಗಂಧ ಕುಂಕುಮ ಇಟ್ಟರು. ಬೂದುಗುಂಬಳ ಒಡೆದೆವು. ಕಡಲೆಪುರಿ ತಿಂದೆವು. ಹಬ್ಬದ ರಜೆಯಲ್ಲಿ ಆ ಗಂಧ ಒಣಗಿ ಚಕ್ಕೆಯಾಯಿತು.

ರಜೆ ಮುಗಿದ ಬೆಳಿಗ್ಗೆ ಕಾರ್ಖಾನೆಯ ಅಧಿಕಾರಿ ಬಂದರು. ನಗುಮುಖದ, ಅವಸರದ ಮನುಷ್ಯ. ನಕ್ಷೆ ಕೊಟ್ಟರು, ಶಿವಲೀಲಾ ಪ್ಲಾನ್ ಬರೆದಳು, ಅದನ್ನು ಓದಿ ಅವರು ತಲೆಯಾಡಿಸಿದರು. ನಂತರ ಅಲ್ಯೂಮಿನಿಯಮ್ ತುಂಡನ್ನು ವೈಸಿಗೆ ಏರಿಸಿ ಅವಳೇ ಕೊರೆದಳು. ತರಗತಿಯ ಹುಡುಗರೆಲ್ಲ ನೋಟ್‌ಬುಕ್ ಹಿಡಿದು ಗೋಡೆಗೆ ಒರಗಿ ನಿಂತಿದ್ದರು. ಪೀಸ್ ಹೊರಗೆ ಬಂತು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮಾಲೀಕರು ಚಪ್ಪಾಳೆ ತಟ್ಟಿದರು. ಹೊಳೆಯುವುದೆಲ್ಲ ಅವರಿಗೆ ಸರಿಯೇ.

ಅಧಿಕಾರಿ ಪೀಸನ್ನು ಸಪಾಟು ಕಲ್ಲಿನ ಮೇಲಿಟ್ಟು, ಕೂದಲೆಳೆಯ ಏರುತಗ್ಗನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜನ್ನು ಅದರ ಮೇಲೆ ಎಳೆದರು. ಮುಳ್ಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಮೆಲ್ಲಗೆ ನಡೆದುಹೋಯಿತು. ಮೇಲಿನ ಮುಖ ಓರೆ. ಇನ್ನೊಮ್ಮೆ ಎಳೆದರು. ಮತ್ತೆ ಓರೆ. ಪೀಸನ್ನು ಮಗುಚಿ ನೋಡಿದರು. ತಳದಲ್ಲಿ ಕೆಂಪಗೆ ಒಂದು ಗುಂಡನೆಯ ಗುರುತು.

"ಇದೇನ್ರಿ, ಪೀಸಿಗೆ ಮದುವೆ ಮಾಡಿಸಿದೀರಾ?"

ಮಾಲೀಕರು ಜೋರಾಗಿ ನಕ್ಕರು. ಬೇರೆ ಯಾರೂ ನಗಲಿಲ್ಲ. ಅಧಿಕಾರಿ ಶಿವಲೀಲಾ ಕಡೆ ತಿರುಗಿದರು. ಪೀಸ್ ಕೆಡುವುದು ತಮ್ಮ ಕಾರ್ಖಾನೆಯಲ್ಲೂ ಇದ್ದದ್ದೇ, ಯಾಕೆ ಕೆಟ್ಟಿತು ಎಂದು ಬಾಯಿಬಿಟ್ಟು ಹೇಳುವವರು ಮಾತ್ರ ಇಲ್ಲ ಎಂದರು. ಏನಾಯಿತೆಂದು ಸರಿಯಾಗಿ ಹೇಳಿದರೆ ಇನ್ನೊಂದು ತುಂಡು ಕೊಡುತ್ತೇನೆ, ಇಲ್ಲವಾದರೆ ಇಲ್ಲಿಗೇ ಮುಗಿಯಿತು ಎಂದರು.

"ನನ್ನ ತಪ್ರೀ ಸರ" ಎಂದಳು. "ನಾ ಒರಸಬೇಕಿತ್ತು."

"ಕಾಣಿಸ್ಲಿಲ್ವಾ?"

"ಕಾಣಿಸ್ತ್ರಿ."

"ಕಂಡೂ ಬಿಟ್ಟೆ?"

ಕಂಡೂ ಬಿಟ್ಟಳು, ನಾನೇ ನೋಡಿದ್ದೆ. ವೈಸಿನ ಎರಡು ದವಡೆಗಳನ್ನೂ ಒರೆಸಿ, ತಳವನ್ನೂ ಒರೆಸಿ, ಆ ಬೊಟ್ಟಿನ ಸುತ್ತ ಮಾತ್ರ ರಂಗೋಲಿಗೆ ಜಾಗ ಬಿಟ್ಟ ಹಾಗೆ ಬಟ್ಟೆಯನ್ನು ಸುತ್ತು ಹಾಕಿಸಿ ಒಯ್ದಿದ್ದಳು. ಎಷ್ಟು ಅಚ್ಚುಕಟ್ಟಾಗಿ ಒರೆಸುತ್ತಾಳೆ ಎಂದು ನಾನು ಮೆಚ್ಚಿಕೊಂಡಿದ್ದೆ. ಟೈಪಿಂಗ್ ಮೇಷ್ಟ್ರಿಗೆ ಇನ್ನೇನು ಹೊಳೆಯುತ್ತದೆ. ಅದು ಸಾರ್ ಇಟ್ಟ ಕುಂಕುಮ. ಯಾರ ಮುಂದೆ ತರಗತಿಯೆಲ್ಲ ಉಸಿರು ಬಿಗಿಹಿಡಿದು ಕೂರುತ್ತದೋ ಅವರು ಪಂಚೆ ಉಟ್ಟು, ಬಗ್ಗಿ, ಕೈಯಾರೆ ಇಟ್ಟದ್ದು. ಅದನ್ನು ಎಣ್ಣೆ ಬಟ್ಟೆಯಲ್ಲಿ ಅಳಿಸುವವರು ಯಾರು? ಈಗ ಅದನ್ನು ಅವರೆದುರೇ, ಹೊರಗಿನವರ ಮುಂದೆ, ಅವರ ತಪ್ಪು ಎನ್ನುವವರು ಯಾರು?

ಹುಡುಗಿ ಹೊಸಬಳು, ಗಾಬರಿಯಾಗಿದ್ದಾಳೆ ಎಂದು ಮಾಲೀಕರು ಸಮಾಧಾನ ಹೇಳಿದರು. ಸಮಾಧಾನವಲ್ಲ ಅದು; ಕಸ ಕಂಡೂ ಒರೆಸದ ಸೋಮಾರಿ ಎಂದು ಅವಳ ಮೇಲೆ ಮೊಹರು ಒತ್ತಿದ್ದು. ಅಧಿಕಾರಿ ಗೇಜನ್ನು ಪೆಟ್ಟಿಗೆಗೆ ಹಾಕತೊಡಗಿದರು. ಶಿವಲೀಲಾ ತನ್ನ ಬೆರಳುಗಳನ್ನು ನೋಡುತ್ತ ನಿಂತಳು. ಸೀರೆ ಅಂಗಡಿ ಅವಳ ಪಕ್ಕದಲ್ಲೇ ಬಂದು ನಿಂತಿತ್ತು.

ನಮ್ಮ ಮಹಾನುಭಾವರು ಕಿಟಕಿಯ ಆಚೆ ನೋಡುತ್ತಿದ್ದರು. ಆಚೆ ಯಾರೋ ಆಟೋವನ್ನು ಓರೆಗೆ ಮಲಗಿಸಿ ಚಕ್ರ ಬಿಚ್ಚುತ್ತಿದ್ದರು. ಅದರಲ್ಲಿ ಅಂಥ ನೋಡುವಂಥದ್ದೇನೂ ಇರಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದರು? ಸಭೆಯಲ್ಲಿ ಹೇಳಿದ ಕಥೆಯಲ್ಲಿ ಈ ಹೊತ್ತು ಇಲ್ಲವೇ ಇಲ್ಲ. ನನ್ನ ಕಥೆಯಲ್ಲಿ ಅದು ವರ್ಷ ಕಳೆದಂತೆ ಉದ್ದವಾಗುತ್ತಿದೆ. ಎರಡನ್ನೂ ನಂಬಬೇಡಿ. ಪೆಟ್ಟಿಗೆಯ ಮುಚ್ಚಳ ಬೀಳುವ ಮೊದಲು ಅವರು ತಿರುಗಿದರು ಎಂಬುದು ಮಾತ್ರ ಖಂಡಿತ. ತಾವೇ ಹಚ್ಚಿದ್ದು ಎಂದು ಅಧಿಕಾರಿಗೆ ಹೇಳಿಬಿಡಬಹುದಿತ್ತು. ಹೇಳಿದ್ದರೆ ಅವರು ದೊಡ್ಡವರಾಗುತ್ತಿದ್ದರು. ಅವಳು ಬಾಯಿಲ್ಲದವಳಾಗಿಯೇ ಉಳಿಯುತ್ತಿದ್ದಳು, ಎರಡನೇ ತುಂಡೂ ಸಿಗುತ್ತಿರಲಿಲ್ಲ. ಅಷ್ಟೆಲ್ಲ ಯೋಚಿಸಿದರೋ, ಅಥವಾ ಕೇಳುವುದು ಬಿಟ್ಟು ಬೇರೇನೂ ಬಾರದ ಮೇಷ್ಟ್ರಾಗಿದ್ದರೋ, ನನಗೆ ಗೊತ್ತಿಲ್ಲ. ಅಧಿಕಾರಿಯನ್ನು ದಾಟಿ ಅವಳ ಮುಂದೆ ಬಂದು ನಿಂತರು. ತರಗತಿಯ ದನಿಯಲ್ಲೇ ಶುರು ಮಾಡಿದರು.

"ಕೂರೋ ಜಾಗದಲ್ಲಿ ಏನಿತ್ತು?"

"ಕುಂಕುಮ್ರೀ ಸರ."

"ಯಾರು ಹಚ್ಚಿದ್ರು?"

ಅವಳು ಬೆರಳಿಗೆ ಅಂಟಿದ್ದ ಎಣ್ಣೆಯನ್ನು ಇನ್ನೊಂದು ಬೆರಳಿನಿಂದ ಉಜ್ಜಿದಳು.

"ದೇವ್ರೇ ಇಳಿದು ಬಂದು ಹಚ್ಚಿ ಹೋದ್ನಾ?"

ಗೋಡೆಯ ಹತ್ತಿರ ಒಬ್ಬ ಅಭ್ಯಾಸಬಲದಿಂದ ನಕ್ಕು, ತಾನೊಬ್ಬನೇ ನಗುತ್ತಿದ್ದೇನೆಂದು ತಿಳಿದು ನಿಲ್ಲಿಸಿದ.

"ನೀವ್ರೀ" ಎಂದಳು. ಹತ್ತಿರವಿದ್ದದ್ದರಿಂದ ನನಗೆ ಕೇಳಿಸಿತು.

"ಜೋರಾಗಿ ಹೇಳು. ಅವರಿಗೆ ಕೇಳಿಸ್ಲಿಲ್ಲ."

"ನೀವ್ ಹಚ್ಚೀರಿ ಸರ."

"ಹಚ್ಚಿದ್ದು ಸರಿಯಾ, ತಪ್ಪಾ?"

"ಹಂಗ್ ಕೇಳಬ್ಯಾಡ್ರೀ ಸರ."

"ಕೇಳೋದು ನನ್ನ ಕೆಲಸ ಕಣಮ್ಮ. ನಿನ್ನ ಕೆಲಸ ಹೋಗ್ತಾ ಇದೆ. ಹೇಳು."

ಮಾತು ಎಂದಿನದೇ, ಮೊನಚೂ ಎಂದಿನದೇ. ಆದರೆ ಜೀವಮಾನವೆಲ್ಲ ಹುಡುಗರ ಬಾಯಿ ಮುಚ್ಚಿಸಲು ಬಳಸಿದ ಸಾಮಾನನ್ನು ಹಿಡಿದು ಈಗ ಒಂದು ಬಾಯಿಯನ್ನು ತೆರೆಸಲು ಹೊರಟಿದ್ದರು. ಅದು ಆ ಕೆಲಸಕ್ಕೆ ಮಾಡಿದ್ದಲ್ಲ. ಕೈ ತಪ್ಪುತ್ತಿತ್ತು. ಅವರು ಬೇಡಿಕೊಳ್ಳುತ್ತಿದ್ದಾರೆ ಎಂದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಬೇಡಿಕೊಂಡು ಅವರಿಗೆ ಅಭ್ಯಾಸವಿರಲಿಲ್ಲ.

ಶಿವಲೀಲಾ ಅವರ ಮುಖ ನೋಡಲಿಲ್ಲ. ವೈಸನ್ನು ನೋಡಿದಳು. ಪ್ಲಾನ್ ಬರೆಯುವ ಮೊದಲು ನಕ್ಷೆ ನೋಡುತ್ತಿದ್ದ ಹಾಗೆ, ಅವಸರವಿಲ್ಲದೆ.

"ಹಚ್ಚಿದ್ದು ಸರೀ ಐತ್ರಿ. ಅಲ್ಲಿ ಹಚ್ಚಿದ್ದು ತಪ್ಪೈತ್ರಿ ಸರ."

ಆಗ ಅವರ ಮುಖ ಹೇಗಾಯಿತೆಂದು ಬರೆಯಬೇಕು, ಇಂಥ ಬರಹಗಳಲ್ಲಿ ಅದು ಪದ್ಧತಿ. ನಾನು ನೋಡಲಿಲ್ಲ. ಅವಳನ್ನು ನೋಡುತ್ತಿದ್ದೆ.

ಅಧಿಕಾರಿ ಎರಡನೇ ತುಂಡು ಕೊಟ್ಟರು. ಈ ಸಲ ಡಯಲ್‌ನ ಮುಳ್ಳು ಅಲುಗಲಿಲ್ಲ. ಕೆಲಸ ಅವಳಿಗೇ ಆಯಿತು, ಈಗಲೂ ಅಲ್ಲೇ ಇದ್ದಾಳೆ. ಶ್ರದ್ಧಾಂಜಲಿಗೆ ಬರಲು ಆಗಲಿಲ್ಲ, ಶಿಫ್ಟ್ ಇತ್ತಂತೆ. ಬಂದಿದ್ದರೆ ಅವಳ ಕೈಗೂ ಮೈಕು ಕೊಟ್ಟು ಸಂತ ಅನ್ನಿಸಿಬಿಡುತ್ತಿದ್ದರು. ಕಥೆಯ ಈ ಸುಖಾಂತವನ್ನು ಮಾಲೀಕರು ಸಭೆಯಲ್ಲಿ ಚೆನ್ನಾಗಿಯೇ ಹೇಳಿದರು. ಅವರು ಬಿಟ್ಟದ್ದು, ಆ ಮಾತಿಗೂ ಎರಡನೇ ತುಂಡಿಗೂ ನಡುವಿನ ಒಂದು ನಿಮಿಷವನ್ನು.

ಆ ನಿಮಿಷದಲ್ಲಿ ನಮ್ಮ ಮಹಾನುಭಾವರು ಗೋಡೆಗೆ ಒರಗಿದ್ದ ಹುಡುಗರ ಕಡೆ ತಿರುಗಿದರು. "ಕೇಳಿಸ್ಕೊಂಡ್ರಲ್ಲ? ನಾನು ಹಚ್ಚಿದ್ರೂ ಒರೆಸಬೇಕು. ನಾನು ಹೇಳಿದ್ದು ತಪ್ಪು ಅನ್ಸಿದ್ರೆ ತಪ್ಪು ಅನ್ನಬೇಕು. ಬರ್ಕೊಳ್ಳಿ."

ಎಲ್ಲರೂ ತಲೆ ಬಗ್ಗಿಸಿ ಬರೆದುಕೊಂಡರು. ಒಬ್ಬನೂ ಯಾಕೆ ಎನ್ನಲಿಲ್ಲ. ಪೆನ್ನು ಇಲ್ಲದವನು ಪಕ್ಕದವನದು ಮುಗಿಯುವುದನ್ನು ಕಾದು, ಇಸಿದುಕೊಂಡು ಬರೆದ. ಮಾಲೀಕರೂ ಜೇಬಿನಲ್ಲಿ ಏನನ್ನೋ ತಡಕಾಡಿದರು. ಬರ್ಕೊಳ್ಳಿ ಎಂದವರು ಆ ಬಗ್ಗಿದ ತಲೆಗಳ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು.

ಶಿವಲೀಲಾ ಒಬ್ಬಳು ಬರೆದುಕೊಳ್ಳಲಿಲ್ಲ. ಅವಳು ನಮಗೆಲ್ಲ ಬೆನ್ನು ಹಾಕಿ, ಯಂತ್ರದೊಳಕ್ಕೆ ಬಗ್ಗಿ, ಹಳೆಯ ಬನಿಯನ್ ಬಟ್ಟೆಯ ಚೂರೊಂದರಲ್ಲಿ ಆ ಬೊಟ್ಟನ್ನು ಆಗಲೇ ಉಜ್ಜಿ ಉಜ್ಜಿ ಒರೆಸುತ್ತಿದ್ದಳು.